ಅವರ ಮುಖದಾಚೆಯ ಕಡಲು

ಶ್ರೀಲಂಕಾದಿಂದ ಮರಳಿ ಮೂರು ವಾರವಾದ ಮೇಲೆ, ಚಿತ್ರಗಳನ್ನೆಲ್ಲ ಅಚ್ಚು ಹಾಕಿಸಿ ಒಂದು ಆಲ್ಬಂ ಮಾಡಿಕೊಡು ಎಂದು ಅಮ್ಮ ಕೇಳಿದಳು. ಮೊಬೈಲಿನ ಪರದೆಯ ಮೇಲೆ ಬೆರಳಾಡಿಸುತ್ತ ನೋಡಿದರೆ ಅವಳಿಗೆ ನೋಡಿದಂತೆ ಅನ್ನಿಸುವುದಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಕೂತು, ಕೊಲಂಬೊದಿಂದ ದೇವುಂದರದವರೆಗೆ ದ್ವೀಪದ ತೆಂಕಣ ಕರಾವಳಿಗುಂಟ ಒಂದೇ ದಿನದಲ್ಲಿ ಕಾರಿನಲ್ಲಿ ಹೋದಾಗ ತೆಗೆದ ಚಿತ್ರಗಳನ್ನು ಒಂದೊಂದಾಗಿ ಆರಿಸತೊಡಗಿದೆ. ಆಗಲೇ ಗಮನಕ್ಕೆ ಬಂದದ್ದು: ಓಡುವ ಕಾರಿನಿಂದ ತೆಗೆದ ಚಿತ್ರಗಳಲ್ಲೆಲ್ಲ ಚಾಲಕರ ಮುಖದ ಒಂದು ಪಾರ್ಶ್ವ ಸೇರಿಕೊಂಡಿದೆ. ಒಂದರಲ್ಲಿ ಕಿವಿ ಮತ್ತು ಕೆನ್ನೆಯ ನರೆತ ಕೂದಲು, ಇನ್ನೊಂದರಲ್ಲಿ ಮೂಗಿನ ತುದಿ, ಮತ್ತೊಂದರಲ್ಲಿ ಸ್ಟಿಯರಿಂಗ್ ಹಿಡಿದ ಮೊಣಕೈ. ಇವುಗಳ ಆಚೆಗೆ, ಬಲಗಡೆಯ ಕಿಟಕಿಯ ಚೌಕಟ್ಟಿನೊಳಗೆ ನೀಲಿ ಕಡಲು. ಅಲ್ಲಿಯೂ ನಮ್ಮಲ್ಲಿಯಂತೆ ವಾಹನಗಳು ಎಡಗಡೆಯಲ್ಲಿ ಓಡುತ್ತವೆ, ಚಾಲಕರು ಬಲಗಡೆಯಲ್ಲಿ ಕೂರುತ್ತಾರೆ. ಕೊಲಂಬೊದಿಂದ ತೆಂಕಣಕ್ಕೆ ಹೋಗುವಾಗ ಕಡಲು ಬಲಕ್ಕೇ ಇರುತ್ತದೆ. ಮುಂದಿನ ಎಡ ಸೀಟಿನಲ್ಲಿ ಕೂತ ನಾನು ಕಡಲನ್ನು ನೋಡಬೇಕೆಂದರೆ ಅವರ ಮುಖವನ್ನು ದಾಟಿಯೇ ನೋಡಬೇಕಾಗಿತ್ತು.

ಮೊದಲಿಗೆ ಆ ಮುಖವನ್ನು ಕತ್ತರಿಸಿ ತೆಗೆದು ಬರಿಯ ಕಡಲನ್ನು ಉಳಿಸಿಕೊಳ್ಳೋಣ ಎಂದುಕೊಂಡೆ. ನಾಲ್ಕು ಚಿತ್ರಗಳನ್ನು ಹಾಗೆ ಮಾಡಿಯೂ ನೋಡಿದೆ. ಚಿತ್ರಗಳು ಚೆನ್ನಾಗಿಯೇ ಬಂದವು. ಯಾವುದೇ ಪ್ರವಾಸಿ ಸಂಸ್ಥೆಯ ಕ್ಯಾಲೆಂಡರಿನಲ್ಲಿ ಹಾಕಬಹುದಾದಷ್ಟು ಸ್ವಚ್ಛವಾಗಿದ್ದವು. ಆದರೆ ಐದನೆಯದಕ್ಕೆ ಕೈ ಹೋಗಲಿಲ್ಲ. ಆ ಇಡೀ ದಿನದಲ್ಲಿ ಅವರು ಒಮ್ಮೆಯೂ ತಾವಾಗಿ ಬಲಕ್ಕೆ ತಿರುಗಿ ಕಡಲನ್ನು ನೋಡಿದ್ದು ನನಗೆ ನೆನಪಿಲ್ಲ. ಚಿತ್ರಗಳಲ್ಲೂ ಅದೇ ಇದೆ: ನಾನು ತೆಗೆದ ಒಂದೊಂದು ಕಡಲಿನ ಮುಂದೆಯೂ ರಸ್ತೆಯನ್ನೇ ದಿಟ್ಟಿಸುತ್ತಿರುವ ಒಂದು ಮುಖ. ಅಂದಿನಿಂದ ಈ ವಿಷಯ ನನ್ನನ್ನು ಬಿಡುತ್ತಿಲ್ಲ.

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ನಾನು ಹುಟ್ಟಿದ ಊರೂ ಕಾರಣ. ನಾವು ಮರವಂತೆಯವರು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ ಇರುವ ಆ ಪಟ್ಟಿಯ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಅಲ್ಲಿ ಕಾರು ನಿಲ್ಲಿಸಿ, ಇಳಿದು, ಆಹಾ ಎನ್ನುವವರನ್ನು ನೋಡುತ್ತಲೇ ನಾನು ಬೆಳೆದೆ. ನನಗೆ ಎಂಟೋ ಒಂಬತ್ತೋ ವರ್ಷವಾಗಿದ್ದಾಗ, ಅಜ್ಜಿ ದಂಡೆಯಲ್ಲಿ ಬೂತಾಯಿ ಒಣಗಲು ಹಾಕಿ ಕಾಗೆ ಕಾಯುತ್ತ ಕೂತಿದ್ದಳು. ಘಟ್ಟದ ಮೇಲಿನಿಂದ ಬಂದಿದ್ದ ಒಬ್ಬರು, ಬಹಳ ಸೌಜನ್ಯದಿಂದಲೇ, ಆ ಚಾಪೆಯನ್ನು ಸ್ವಲ್ಪ ಆಚೆ ಎಳೆದುಕೊಳ್ಳಲು ಆದೀತೇ ಎಂದು ಕೇಳಿದರು. ಅವರಿಗೆ ಬರಿಯ ಮರಳು ಮತ್ತು ಅಲೆ ಬೇಕಾಗಿತ್ತು. ಅಜ್ಜಿ ಒಂದು ಮಾತೂ ಆಡದೆ ಚಾಪೆ ಎಳೆದುಕೊಂಡಳು. ಎಳೆಯುವಾಗ ಅಂಚಿನ ಐದಾರು ಮೀನುಗಳು ಮರಳಿಗೆ ಬಿದ್ದವು. ಅವರು ಹೋದ ಮೇಲೆ ಅವುಗಳನ್ನು ಒಂದೊಂದಾಗಿ ಹೆಕ್ಕಿ, ಸೆರಗಿನಲ್ಲಿ ಮರಳು ಒರೆಸಿ, ಮತ್ತೆ ಸಾಲಾಗಿ ಇಟ್ಟಳು. ಮೂವತ್ತು ವರ್ಷಗಳ ನಂತರ, ಬೇರೊಬ್ಬರ ಕರಾವಳಿಯ ಚಿತ್ರದಿಂದ ಬೇರೊಬ್ಬರ ಮುಖವನ್ನು ಕತ್ತರಿಸಲು ಹೊರಟಾಗ ನನಗೆ ನೆನಪಾದದ್ದು ಆ ಸೆರಗು.

ಗಾಲೆ ರಸ್ತೆ

ಬೆಳಿಗ್ಗೆ ಐದೂವರೆಗೆ ಹೊರಟಿದ್ದೆವು. ಈಗ ದಕ್ಷಿಣಕ್ಕೆ ಹೋಗುವವರು ಹೆಚ್ಚಾಗಿ 2011ರಲ್ಲಿ ಶುರುವಾದ ಎಕ್ಸ್‌ಪ್ರೆಸ್‌ವೇ ಹಿಡಿಯುತ್ತಾರೆ. ಅದು ಒಳನಾಡಿನ ಗದ್ದೆ ಮತ್ತು ರಬ್ಬರ್ ತೋಟಗಳ ನಡುವೆ ಹೋಗುತ್ತದೆ, ಸಮಯ ಅರ್ಧಕ್ಕರ್ಧ ಉಳಿಯುತ್ತದೆ. ಕಡಲು ನೋಡಬೇಕೆಂದು ನಾವು ಕೇಳಿಕೊಂಡದ್ದರಿಂದ ಚಾಲಕರು ಹಳೆಯ ಗಾಲೆ ರಸ್ತೆಯನ್ನು ಹಿಡಿದರು. ಕೊಲಂಬೊ ನಗರ ಮುಗಿಯಿತು ಎಂದು ಎಲ್ಲಿಯೂ ಹೇಳುವಂತಿಲ್ಲ. ಅಂಗಡಿ, ಬೇಕರಿ, ಶಾಲೆ, ಬೋಧಿವೃಕ್ಷದ ಕಟ್ಟೆ, ಚರ್ಚು, ಮಸೀದಿ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ರೈಲು ಹಳಿ ಅಲ್ಲಲ್ಲಿ ರಸ್ತೆ ಮತ್ತು ಕಡಲಿನ ನಡುವೆಯೇ ಓಡುತ್ತದೆ, ಅಲೆಯ ತುಂತುರು ಹಳಿಯ ಕಲ್ಲುಗಳನ್ನು ತೋಯಿಸುತ್ತಿರುತ್ತದೆ.

ಚಾಲಕರನ್ನು ಏನೆಂದು ಕರೆಯುವುದು ಎಂಬ ಪ್ರಶ್ನೆ ಮೊದಲ ಅರ್ಧ ಗಂಟೆಯಲ್ಲೇ ಬಗೆಹರಿಯಿತು. ಅವರಿಗೆ ಐವತ್ತರ ಹತ್ತಿರ. ಸಿಂಹಳದಲ್ಲಿ ಅಣ್ಣನಿಗೆ ‘ಅಯ್ಯಾ’ ಎನ್ನುತ್ತಾರೆ ಎಂದು ಅವರೇ ಹೇಳಿದರು. ನಮ್ಮಲ್ಲಿ ದೊಡ್ಡವರನ್ನು ಕರೆಯುವ ಮಾತೇ ಅಲ್ಲಿ ಅಣ್ಣನನ್ನು ಕರೆಯುವ ಮಾತಾಗಿದೆ. ಅಮ್ಮ ಅಲ್ಲಿಯೂ ಅಮ್ಮ, ಅಕ್ಕ ಅಲ್ಲಿಯೂ ಅಕ್ಕ. ತಂಗಿಗೆ ‘ನಂಗಿ’. ಇದನ್ನು ಕೇಳಿ ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ಬಹಳ ಸಂತೋಷವಾಯಿತು. ಆಮೇಲೆ ಅವಳು ನನ್ನ ಮೂಲಕ ಮಾತನಾಡುವುದನ್ನೇ ಬಿಟ್ಟು, ಕುಂದಾಪುರದ ಕನ್ನಡದಲ್ಲೇ ‘ತಮ್ಮಾ’ ಎಂದು ಅವರನ್ನು ಕರೆದು ಮಾತಿಗೆ ತೊಡಗಿದಳು. ಅವರು ಸಿಂಹಳದಲ್ಲೋ ಹರಕು ಇಂಗ್ಲಿಷಿನಲ್ಲೋ ಉತ್ತರಿಸುತ್ತಿದ್ದರು. ಇಬ್ಬರಿಗೂ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧಕ್ಕೆ ನಾನಿದ್ದೆ.

ಕಳುತರದಲ್ಲಿ ಕಳು ಗಂಗಾ ನದಿಯ ಸೇತುವೆ ದಾಟಿದೊಡನೆ ಅವರು ಕಾರು ನಿಧಾನಿಸಿದರು. ರಸ್ತೆಯ ಪಕ್ಕದಲ್ಲೇ ಬೋಧಿವೃಕ್ಷ; ಆ ದಾರಿಯಲ್ಲಿ ಹೋಗುವ ಬಸ್ಸು, ಲಾರಿ, ಕಾರಿನವರೆಲ್ಲ ಅಲ್ಲಿ ಒಂದು ಕ್ಷಣ ನಿಂತು ಹುಂಡಿಗೆ ನಾಣ್ಯ ಹಾಕಿ ಮುಂದೆ ಹೋಗುವುದು ವಾಡಿಕೆ. ಅಯ್ಯಾ ಇಳಿದು, ನಾಣ್ಯ ಹಾಕಿ, ಕೈಮುಗಿದು ಬಂದರು. ಕೂತ ಮೇಲೆ ಬೆಲ್ಟ್ ಹಾಕಿಕೊಳ್ಳುವ ಮೊದಲು ಕೈಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡರು. ಆನೆಗುಡ್ಡೆಯ ಸ್ವಾಗತ ಗೋಪುರದ ಎದುರು ನಮ್ಮ ಕಡೆಯ ಬಸ್ಸಿನ ಚಾಲಕರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಎದೆಗೆ ಮುಟ್ಟಿಸಿಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೇರುವಲದಿಂದ ಮುಂದೆ ತೆಂಗಿನ ತೋಟಗಳಲ್ಲಿ ಮರದ ತುದಿಯಿಂದ ತುದಿಗೆ ಹಗ್ಗ ಕಟ್ಟಿದ್ದು ಕಾಣಿಸಿತು. ಕೆಳಗೊಂದು ಮೇಲೊಂದು ಎರಡು ಸಾಲು ಕತ್ತದ ಹಗ್ಗ. ಕೆಳಗಿನದರ ಮೇಲೆ ಪಾದ ಊರಿ, ಮೇಲಿನದನ್ನು ಕೈಯಲ್ಲಿ ಹಿಡಿದು, ಸೊಂಟಕ್ಕೆ ಮಡಕೆ ಕಟ್ಟಿಕೊಂಡು ಶೇಂದಿ ಇಳಿಸುವವರು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಹೋಗುತ್ತಾರೆ. ನಮ್ಮಲ್ಲಿ ಮೂರ್ತೆದಾರರು ಒಂದೊಂದು ಮರವನ್ನೂ ಹತ್ತಿ ಇಳಿಯುವುದನ್ನು ನೋಡಿದ್ದ ಅಮ್ಮ ಕಾರು ನಿಲ್ಲಿಸಿ ಬಹಳ ಹೊತ್ತು ಕತ್ತೆತ್ತಿ ನೋಡಿದಳು. ಗಾಳಿ ಬೀಸಿದಾಗ ಎರಡು ಮರಗಳೂ ಬೇರೆ ಬೇರೆ ದಿಕ್ಕಿಗೆ ತೂಗುತ್ತಿದ್ದವು, ನಡುವಿನ ಹಗ್ಗ ಬಿಗಿಯುತ್ತಲೂ ಸಡಿಲುತ್ತಲೂ ಇತ್ತು, ಮೇಲಿದ್ದವರು ಅದು ಬಿಗಿಯುವವರೆಗೆ ನಿಂತು ನಂತರ ಹೆಜ್ಜೆ ಇಡುತ್ತಿದ್ದರು. ಆ ಕಾಯುವಿಕೆ ಯಾವ ಚಿತ್ರದಲ್ಲೂ ಬಂದಿಲ್ಲ.

ಬೆಂತೋಟ, ಕೊಸ್ಗೊಡ, ಅಂಬಲಂಗೊಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಮೆಮರಿಗಳನ್ನೂ ಬಣ್ಣದ ಮುಖವಾಡಗಳನ್ನೂ ನೋಡಿದೆವು, ಚೆನ್ನಾಗಿದ್ದವು.

ಸುಣ್ಣ

ಅಂಬಲಂಗೊಡ ದಾಟಿದ ಮೇಲೆ ಅಕುರಾಲ ಎಂಬ ಊರಿನ ಹತ್ತಿರ ರಸ್ತೆ ಕಡಲಿಗೆ ಎಷ್ಟು ಹತ್ತಿರ ಬರುತ್ತದೆಂದರೆ, ಕಾರಿನ ಕಿಟಕಿ ಇಳಿಸಿದರೆ ಕನ್ನಡಕದ ಮೇಲೆ ಉಪ್ಪು ಕೂರುತ್ತದೆ. ದಿನದ ಅತ್ಯಂತ ಸುಂದರವಾದ ಹಾದಿ ಇದೇ. ಕಡಲಿಗೂ ನಮಗೂ ನಡುವೆ ಒಂದು ಸಾಲು ಬಂಡೆ, ಕೆಲವು ಕೇದಗೆಯ ಪೊದೆ, ಅಷ್ಟೇ. ನಾನು ಅತಿ ಹೆಚ್ಚು ಚಿತ್ರ ತೆಗೆದದ್ದೂ ಇಲ್ಲೇ. ರಸ್ತೆಬದಿಯ ಗೂಡಂಗಡಿಯಲ್ಲಿ ಅಮ್ಮ ವೀಳ್ಯದೆಲೆ ಕೊಂಡಳು. ಅಂಗಡಿಯ ಅಜ್ಜಿ ಒಂದು ಸಣ್ಣ ಡಬ್ಬಿಯಿಂದ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಬೆರಳಿನಿಂದ ಸವರುತ್ತ ‘ಹುಣು’ ಎಂದರು. ಅಮ್ಮ ‘ಸುಣ್ಣ’ ಎಂದಳು. ಒಂದೇ ಮೂಲದ ಎರಡು ಮಾತುಗಳು ಎದುರುಬದುರಾಗಿ ನಿಂತು ಒಂದನ್ನೊಂದು ಗುರುತಿಸಿದವು.

ಆ ಸುಣ್ಣದ ಕಥೆ ನನಗೆ ಸ್ವಲ್ಪ ಗೊತ್ತಿತ್ತು. ನಮ್ಮ ಕಡೆ ಹಿಂದೆ ಹೊಳೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಅಲ್ಲಿ ಹವಳವನ್ನು ಸುಟ್ಟರು. ಅಕುರಾಲದಿಂದ ಹಿಕ್ಕಡುವದವರೆಗಿನ ಈ ದಂಡೆಯಲ್ಲಿ ತಲೆಮಾರುಗಳ ಕಾಲ ಜನರು ನೆಲದೊಳಗಿನ ಹಳೆಯ ಹವಳದ ಪದರವನ್ನು ಅಗೆದು ತೆಗೆದರು, ಅದು ಸಾಲದಾದಾಗ ಕಡಲೊಳಗಿನ ಜೀವಂತ ದಿಬ್ಬದಿಂದಲೂ ಒಡೆದು ತಂದರು. ಅಗೆದ ಹೊಂಡಗಳಲ್ಲಿ ಈಗ ನೀರು ನಿಂತು ಕೊಳಗಳಾಗಿವೆ. ಗೂಡಿನಲ್ಲಿ ಬೆಂದ ಹವಳ ಗೋಡೆಯ ಗಾರೆಯಾಯಿತು, ಬೌದ್ಧ ವಿಹಾರಗಳ ಬಿಳುಪಾಯಿತು, ಎಲೆಯಡಿಕೆಯ ಸುಣ್ಣವಾಯಿತು. ಕಾನೂನು 1980ರ ದಶಕದಲ್ಲೇ ಇದನ್ನು ತಡೆಯಲು ಹೊರಟಿತು. ಆದರೆ ಮನೆಯಲ್ಲಿ ಅಕ್ಕಿ ಬೇಯಬೇಕಾದವರಿಗೆ ಕಡಲಿನೊಳಗಿನ ಕಲ್ಲು ಯಾರ ಸೊತ್ತು ಎಂದು ಅನ್ನಿಸೀತು? ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ನಮ್ಮಲ್ಲಿ ಹೊಳೆಯ ಮರಳು ತೆಗೆದವರೂ ಹೀಗೆಯೇ ದಿನಗೂಲಿಯವರು.

2004ರ ಡಿಸೆಂಬರ್ 26, ಭಾನುವಾರ, ಜೊತೆಗೆ ಹುಣ್ಣಿಮೆ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’ದ ರಜೆ. ಆ ಬೆಳಿಗ್ಗೆ ಕೊಲಂಬೊದಿಂದ ಮಾತರಕ್ಕೆ ಹೊರಟ ರೈಲು, ರಜೆಗೆ ಊರಿಗೆ ಹೋಗುವವರಿಂದ ತುಂಬಿತ್ತು. ಪೆರಲಿಯದ ಬಳಿ, ಕಡಲಿನಿಂದ ಇನ್ನೂರು ಮೀಟರಿನಷ್ಟು ದೂರದಲ್ಲಿ ಅದು ನಿಂತಿದ್ದಾಗ ಸುನಾಮಿಯ ಮೊದಲ ಅಲೆಯ ನೀರು ಬಂದು ಸುತ್ತುವರಿಯಿತು. ಊರಿನವರು ರೈಲಿನಷ್ಟು ಭಾರದ ವಸ್ತುವನ್ನು ನೀರು ಏನೂ ಮಾಡಲಾರದು ಎಂದು ನಂಬಿ ಡಬ್ಬಿಗಳೊಳಗೆ ಹತ್ತಿದರು, ಛಾವಣಿಯ ಮೇಲೇರಿದರು, ಅದರ ಮರೆಯಲ್ಲಿ ನಿಂತರು. ಎರಡನೆಯ ದೊಡ್ಡ ಅಲೆ ಆ ಇಡೀ ರೈಲನ್ನು ಹಳಿಯ ಸಮೇತ ಎತ್ತಿ ಉರುಳಿಸಿತು. ಸತ್ತವರು 1,700ಕ್ಕೂ ಹೆಚ್ಚು ಎಂದು ಲೆಕ್ಕ. ರೈಲಿನ ಚರಿತ್ರೆಯಲ್ಲೇ ಇಷ್ಟು ಜೀವಗಳನ್ನು ತೆಗೆದುಕೊಂಡ ಇನ್ನೊಂದು ಅವಘಡವಿಲ್ಲ.

ಆಮೇಲೆ ಈ ದಂಡೆಯನ್ನು ಅಳೆದ ತಜ್ಞರು ಒಂದು ಸಂಗತಿಯನ್ನು ಗಮನಿಸಿದರು. ಹವಳ ತೆಗೆದು ಬರಿದಾಗಿದ್ದ ಪೆರಲಿಯದಲ್ಲಿ ಅಲೆ ಸುಮಾರು 10 ಮೀಟರ್ ಎತ್ತರಕ್ಕೆದ್ದು ಒಂದೂವರೆ ಕಿಲೋಮೀಟರ್ ಒಳನುಗ್ಗಿತ್ತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹಿಕ್ಕಡುವದಲ್ಲಿ, 1979ರಿಂದ ಸರ್ಕಾರ ಹವಳದ ದಿಬ್ಬವನ್ನು ಕಾಪಾಡಿಕೊಂಡು ಬಂದಿದ್ದ ಜಾಗದಲ್ಲಿ, ಅಲೆ ಎರಡು ಮೂರು ಮೀಟರಿಗಿಂತ ಏಳಲಿಲ್ಲ, ಐವತ್ತು ಮೀಟರಿನಷ್ಟು ಮಾತ್ರ ಒಳಬಂತು. ಅಲೆ ಹವಳದ ದಿಬ್ಬಕ್ಕೆ ಬಡಿದು ಅಲ್ಲೇ ಒಡೆಯುತ್ತದೆ; ದಿಬ್ಬದಲ್ಲಿ ತೂತು ಬಿದ್ದರೆ ಅಕ್ಕಪಕ್ಕದ ನೀರೂ ಅದೇ ಕಿಂಡಿಯಲ್ಲಿ ಸೇರಿಕೊಂಡು ಇನ್ನಷ್ಟು ರಭಸದಿಂದ ಒಳಗೆ ಬರುತ್ತದೆ. ಗದ್ದೆಯ ಕಟ್ಟ ಒಡೆದಾಗ ಏನಾಗುತ್ತದೆಂದು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಪೆರಲಿಯದಲ್ಲಿ ಅಯ್ಯಾ ಕಾರನ್ನು ಸ್ಮಾರಕಕ್ಕಿಂತ ಸ್ವಲ್ಪ ಹಿಂದೆಯೇ, ಒಳನಾಡಿಗೆ ಹೋಗುವ ಅಡ್ಡರಸ್ತೆಯೊಂದರ ಬಾಯಲ್ಲಿ ನಿಲ್ಲಿಸಿ, ನೀವು ನೋಡಿ ಬನ್ನಿ, ನಾನು ಇಲ್ಲಿರುತ್ತೇನೆ ಎಂದರು. ಜಪಾನಿನವರ ನೆರವಿನಿಂದ ನಿಲ್ಲಿಸಿದ, ಅಫ್ಘಾನಿಸ್ತಾನದ ಬಾಮಿಯಾನದ ಬುದ್ಧನನ್ನು ಹೋಲುವ ಎತ್ತರದ ಮೂರ್ತಿ ಅಲ್ಲಿದೆ. ಸುತ್ತ ನೀರು, ನಡುವೆ ಬುದ್ಧ, ಮುಖ ಕಡಲಿನ ಕಡೆಗೆ. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದಳು. ಹಿಂದೆ ತಿರುಗಿದರೆ ಹಳಿ ಕಾಣುತ್ತದೆ. ನಾವು ನಿಂತಿದ್ದಾಗಲೇ ಒಂದು ರೈಲು ದಕ್ಷಿಣಕ್ಕೆ ಹೋಯಿತು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗರು, ಕಿಟಕಿಗೆ ತಲೆಯೊರಗಿಸಿ ನಿದ್ದೆ ಹೋದ ಹೆಂಗಸು, ಹಸಿರು ಬಾಟಲಿಯನ್ನು ಬಾಯಿಗೆ ಎತ್ತಿದ ಒಬ್ಬ ಮುದುಕ. ರೈಲು ಪೂರ್ತಿ ದಾಟುವವರೆಗೂ ಅಮ್ಮ ಕೈಮುಗಿದೇ ಇದ್ದಳು. ನಾನು ಕ್ಯಾಮೆರಾ ಎತ್ತಲಿಲ್ಲ.

ಮರಳಿ ಬಂದಾಗ ಗಮನಿಸಿದೆ: ಅವರು ಕಾರಿನ ಮೂತಿಯನ್ನು ಒಳನಾಡಿನ ಕಡೆಗೆ ತಿರುಗಿಸಿ ನಿಲ್ಲಿಸಿದ್ದರು. ಬೆಳಗಿನಿಂದ ನಿಂತ ಕಡೆಯಲ್ಲೆಲ್ಲ ಹಾಗೆಯೇ ನಿಲ್ಲಿಸುತ್ತಿದ್ದರು ಎಂಬುದು ಆಗ ಹೊಳೆಯಿತು. ಮತ್ತೆ ರಸ್ತೆಗೆ ಬರಲು ಪ್ರತಿ ಸಲವೂ ಹಿಂದಕ್ಕೆ ತೆಗೆದುಕೊಂಡು ತಿರುಗಿಸಬೇಕಾಗುತ್ತಿತ್ತು. ಅದನ್ನು ನಾನು ಅವರ ಅಭ್ಯಾಸ ಎಂದಷ್ಟೇ ತಿಳಿದಿದ್ದೆ.

ಗಾಲೆಯ ಗೋಡೆ

ಗಾಲೆ ನಮ್ಮವರಿಗೆಲ್ಲ ಗೊತ್ತಿರುವುದು ಟೆಸ್ಟ್ ಪಂದ್ಯಗಳಿಂದ. ಟಿವಿಯಲ್ಲಿ ಮೈದಾನದ ಹಿಂದೆ ಕಾಣುವ ಕೋಟೆಯ ಗೋಡೆ, ಗೋಡೆಯ ಮೇಲೆ ಟಿಕೆಟ್ಟಿಲ್ಲದೆ ಕೂತು ಆಟ ನೋಡುವ ಜನ, ಗಡಿಯಾರದ ಗೋಪುರ. ಪೋರ್ಚುಗೀಸರು 1588ರಲ್ಲಿ ಶುರುಮಾಡಿದ ಕೋಟೆ 1640ರಲ್ಲಿ ಡಚ್ಚರ ಕೈಸೇರಿತು. ಈಗ ಕಾಣುವ ದಪ್ಪ ಗೋಡೆಗಳೆಲ್ಲ ಬಹುಪಾಲು ಡಚ್ಚರ ಕೆಲಸ. ಗೋಡೆಯಲ್ಲಿ ಕಗ್ಗಲ್ಲಿನ ಜೊತೆಗೆ ಹವಳದ ಕಲ್ಲೂ ಇದೆ. ಬಿಸಿಲಿಗೆ ಗಾರೆ ಉದುರಿದ ಕಡೆ ಕೈಯಿಟ್ಟು ನೋಡಿದೆ. ಒಂದು ಕಲ್ಲಿನ ಮೈಮೇಲೆ ನಕ್ಷತ್ರದ ಆಕಾರದ ನೂರಾರು ಸಣ್ಣ ಗುಳಿಗಳಿದ್ದವು, ಪ್ರತಿಯೊಂದೂ ಸಾಸಿವೆಯ ಕಾಳು ಕೂರುವಷ್ಟು ದೊಡ್ಡದು. ಒಂದೊಂದು ಗುಳಿಯೂ ಒಂದು ಜೀವಿಯ ಮನೆ. ಕಡಲೊಳಗೆ ಅಲೆಯನ್ನು ತಡೆಯುತ್ತಿದ್ದ ಗೋಡೆಯನ್ನು ಮುರಿದು ತಂದು ದಡದ ಮೇಲೆ ಇನ್ನೊಂದು ಗೋಡೆ ಕಟ್ಟಿದ್ದಾರೆ. ಆ ಗೋಡೆ 2004ರಲ್ಲಿ ತನ್ನೊಳಗಿದ್ದವರನ್ನು ಬಹುಮಟ್ಟಿಗೆ ಕಾಪಾಡಿತು. ಹೊರಗಿದ್ದ ಮೈದಾನ, ಮಾರುಕಟ್ಟೆ, ಬಸ್ ನಿಲ್ದಾಣಗಳನ್ನು ನೀರು ನುಂಗಿತು.

ಇಡೀ ದಿನದಲ್ಲಿ ಅಯ್ಯಾ ನಮ್ಮ ಜೊತೆ ಕಾರಿನಿಂದಿಳಿದು ಬಂದದ್ದು ಇಲ್ಲಿ ಮಾತ್ರ. ಅಮ್ಮನಿಗೆ ಮೆಟ್ಟಿಲು ಹತ್ತಲು ಕೈ ಕೊಟ್ಟರು. ಗೋಡೆಯ ಮೇಲೆ ಮೂವರೂ ಊರಿನ ಕಡೆಗೆ ಮುಖ ಮಾಡಿ ನಿಂತಿದ್ದೆವು. ಕೆಳಗೆ ಮೈದಾನದಲ್ಲಿ ಶಾಲೆಯ ಹುಡುಗರು ಅಭ್ಯಾಸ ಮಾಡುತ್ತಿದ್ದರು, ಅದರಾಚೆ ಕೆಂಪು ಬಸ್ಸುಗಳು ಬಂದು ಹೋಗುತ್ತಿದ್ದವು. ನಾನು ಗಡಿಯಾರದ ಗೋಪುರದ ಬಗ್ಗೆ ಏನೋ ಕೇಳಿದೆ. ಅವರು ಅದಕ್ಕೆ ಉತ್ತರಿಸದೆ, ಬಸ್ ನಿಲ್ದಾಣದ ಕಡೆಗೆ ಕೈ ತೋರಿಸಿ, ಬಹಳ ಸಣ್ಣ ದನಿಯಲ್ಲಿ ಸಿಂಹಳದಲ್ಲಿ ಒಂದು ವಾಕ್ಯ ಹೇಳಿದರು. ಅದರಲ್ಲಿ ಅಮ್ಮನಿಗೆ ಅರ್ಥವಾದದ್ದು ಒಂದೇ ಮಾತು, ‘ಅಕ್ಕ’. ಅಷ್ಟೇ ಸಾಕಾಯಿತು. ಅವಳು ಏನನ್ನೂ ಕೇಳಲಿಲ್ಲ. ತನ್ನ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರಿಗೆ ಕೊಟ್ಟಳು. ಅವರು ಕುಡಿದು, ಮುಚ್ಚಳ ಹಾಕಿ ಮರಳಿ ಕೊಟ್ಟರು. ಇಳಿಯುವಾಗ ಮಾತ್ರ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ಅಕ್ಕ ಮಾತರದ ಬಸ್ಸಿಗೆ ಕಾಯುತ್ತಿದ್ದರಂತೆ, ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದವರು ಇವರೇ ಅಂತೆ.

ಕಂಬದ ಮೇಲೆ ಕೂತವರು

ಗಾಲೆಯಿಂದ ಮುಂದೆ ಕೊಗ್ಗಲ, ಅಹಂಗಮ, ವೆಲಿಗಮಗಳ ಹಾದಿಯಲ್ಲಿ ಕಡಲೊಳಗೆ ನೆಟ್ಟ ಕಂಬಗಳ ಮೇಲೆ ಕೂತು ಗಾಳ ಹಾಕುವ ಮೀನುಗಾರರ ಚಿತ್ರವನ್ನು ನೀವೂ ನೋಡಿರುತ್ತೀರಿ. ದ್ವೀಪದ ಪ್ರವಾಸೋದ್ಯಮದ ಗುರುತೇ ಅದು. ಈ ಪದ್ಧತಿ ಬಹಳ ಪ್ರಾಚೀನವೆಂದು ಅನೇಕರು ನಂಬುತ್ತಾರೆ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಆಹಾರಕ್ಕೆ ತತ್ವಾರವಾಗಿ ದಡದ ಬಂಡೆಗಳ ಮೇಲೆ ಗಾಳ ಹಾಕುವವರು ಹೆಚ್ಚಾದಾಗ, ಜಾಗ ಸಾಲದೆ ನೀರಿನೊಳಗೆ ಕಂಬ ನೆಟ್ಟುಕೊಂಡರೆಂದು ಹೇಳುತ್ತಾರೆ. ಕಂಬವನ್ನು ಹವಳದ ದಿಬ್ಬದಲ್ಲಿ ಊರಬೇಕು, ಮರಳಿನಲ್ಲಿ ಅದು ನಿಲ್ಲುವುದಿಲ್ಲ. ಕಂಬಕ್ಕೆ ಅಡ್ಡ ಕಟ್ಟಿದ, ಕೂರುವ ಕೋಲಿಗೆ ‘ಪೆಟ್ಟ’ ಎನ್ನುತ್ತಾರೆ. ಒಂದು ಕೈ ಕಂಬಕ್ಕೆ, ಇನ್ನೊಂದರಲ್ಲಿ ಗಾಳದ ಕೋಲು. ದೋಣಿಯ ನೆರಳು ಬಿದ್ದರೆ ಮೀನು ಚದುರುತ್ತದೆ, ಕಂಬದ ಮೇಲೆ ಅಲ್ಲಾಡದೆ ಕೂತವರಿಗೆ ಹೆದರುವುದಿಲ್ಲ.

ನಾವು ಹೋದಾಗ ನಡುಮಧ್ಯಾಹ್ನ, ಮೀನು ಕಚ್ಚುವ ಹೊತ್ತಲ್ಲ. ಆದರೂ ನಾಲ್ವರು ಕಂಬದ ಮೇಲಿದ್ದರು. ದಡದಲ್ಲಿದ್ದ ಇನ್ನೊಬ್ಬರು ಬಂದು ದುಡ್ಡು ಕೇಳಿದರು. ಅನೇಕ ಪ್ರವಾಸಿಗಳು ಇದನ್ನು ಮೋಸವೆಂದು ಬರೆಯುತ್ತಾರೆ. ಅವರು ನಿಜವಾದ ಮೀನುಗಾರರಲ್ಲ, ಚಿತ್ರಕ್ಕೆಂದೇ ಕೂರುವವರು ಎಂದು ಬೇಸರಪಡುತ್ತಾರೆ. ನನಗೆ ಆ ಬೇಸರ ಬರಲಿಲ್ಲ. ಸುಡುವ ಬಿಸಿಲಿನಲ್ಲಿ ಒಂದು ಕೋಲಿನ ಮೇಲೆ ಗಂಟೆಗಟ್ಟಲೆ ಕೂರುವುದು ಕೆಲಸವೇ. ಅಪ್ಪ ಕೂತಿದ್ದ ಕಂಬದ ಮೇಲೆ ಮಗ ಕೂತಿದ್ದಾರೆ. ಅಪ್ಪನಿಗೆ ಮೀನು ಕೊಟ್ಟದ್ದು ಮಗನಿಗೆ ದುಡ್ಡು ಕೊಡುತ್ತಿದೆ. ಅಜ್ಜಿಯ ಚಾಪೆಗೆ ಯಾರೂ ಏನೂ ಕೊಟ್ಟಿರಲಿಲ್ಲ. ಅವರು ಕೇಳಿದಷ್ಟನ್ನು ಕೊಟ್ಟೆ, ಹೆಚ್ಚು ಕೇಳಿದ್ದರೆ ಹೆಚ್ಚು ಕೊಡುತ್ತಿದ್ದೆ. ಒಬ್ಬರು ಇಳಿದು ಬಂದು ಅಮ್ಮನಿಗೆ ತಮ್ಮ ಪಾದದ ಅಡಿಯನ್ನು ತೋರಿಸಿದರು: ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ, ಕಂಬವನ್ನು ಕವ್ವಿ ಹಿಡಿಯುವ ಜಾಗದಲ್ಲಿ, ಚರ್ಮ ದಪ್ಪಗಾಗಿ ಹಳದಿ ಬಣ್ಣಕ್ಕೆ ತಿರುಗಿತ್ತು. ತೆಂಗಿನ ಮರ ಹತ್ತುವವರ ಪಾದದಲ್ಲಿಯೂ ಅದೇ ಜಾಗದಲ್ಲಿ ಹಾಗೆಯೇ ಆಗುತ್ತದೆ.

ಸುನಾಮಿಯ ನಂತರ ಸರ್ಕಾರ ಈ ದಂಡೆಯಲ್ಲಿ ಕಡಲಿನಿಂದ ನೂರು ಮೀಟರಿನೊಳಗೆ ಯಾರೂ ಮನೆ ಕಟ್ಟಬಾರದೆಂದು ಗೆರೆ ಎಳೆಯಿತು. ಮೀನುಗಾರರು ದೋಣಿ ಕಾಣದಷ್ಟು ದೂರಕ್ಕೆ ಹೋಗುವುದು ಹೇಗೆ ಎಂದು ಕೇಳಿದರು. ವರ್ಷ ಕಳೆಯುವ ಹೊತ್ತಿಗೆ ಆ ಗೆರೆ ಸಡಿಲಗೊಂಡಿತು. ಈಗ ಆ ನೂರು ಮೀಟರಿನಲ್ಲಿ ಏನೇನಿದೆ ಎಂಬುದನ್ನು ನನ್ನ ಚಿತ್ರಗಳಲ್ಲೇ ಎಣಿಸಬಹುದು: ಹೋಟೆಲು, ಸರ್ಫಿಂಗ್ ಕಲಿಸುವ ಗುಡಿಸಲು, ಅಂಗಡಿ, ನಡುನಡುವೆ ಹಳೆಯ ಮನೆಗಳ ಛಾವಣಿಯಿಲ್ಲದ ಗೋಡೆಗಳು. ನಡುವೆ ಏನೂ ಅಡ್ಡವಿಲ್ಲದ ನೋಟಕ್ಕೆ ಎಲ್ಲ ಕಡೆಯೂ ಬೆಲೆ ಹೆಚ್ಚು. ನಮ್ಮೂರಿನಲ್ಲಿಯೂ ಮಳೆಗಾಲ ಬಂದರೆ ಕಡಲ್ಕೊರೆತ ಶುರುವಾಗುತ್ತದೆ, ಲಾರಿಗಟ್ಟಲೆ ಬಂಡೆ ತಂದು ಸುರಿಯುತ್ತಾರೆ, ಬೇಸಿಗೆಯಲ್ಲಿ ಬಂದವರು ಆ ಬಂಡೆಗಳು ನೋಟವನ್ನು ಕೆಡಿಸಿವೆ ಎನ್ನುತ್ತಾರೆ. ನಾನೂ ಬೆಂಗಳೂರಿನಿಂದ ಹೋದಾಗ ಒಂದೆರಡು ಸಲ ಹಾಗೆ ಅಂದಿದ್ದೇನೆ, ಅಮ್ಮನ ಎದುರಿಗೇ.

ದೇವುಂದರ

ಸಂಜೆ ನಾಲ್ಕಕ್ಕೆ ದೇವುಂದರ ಮುಟ್ಟಿದೆವು. ದೇವರ ನಗರ ಎಂದೇ ಆ ಹೆಸರಿನ ಅರ್ಥ. ದ್ವೀಪ ಮುಗಿಯುವುದು ಇಲ್ಲಿ. ಇಲ್ಲಿಂದ ನೇರ ದಕ್ಷಿಣಕ್ಕೆ ಹೊರಟರೆ ಅಂಟಾರ್ಕ್ಟಿಕಾದವರೆಗೂ ನೆಲವಿಲ್ಲ. ತುದಿಯಲ್ಲಿ ಬ್ರಿಟಿಷರ ಕಾಲದ ಬಿಳಿಯ ಎಂಟುಮೂಲೆಯ ದೀಪಸ್ತಂಭ, 49 ಮೀಟರ್ ಎತ್ತರದ್ದು, ದೇಶದಲ್ಲೇ ಎತ್ತರವಾದದ್ದು. ಆದರೆ ನನ್ನನ್ನು ಆ ಊರಿಗೆ ಎಳೆದದ್ದು ಇಬ್ನ್ ಬತೂತ. 1340ರ ದಶಕದಲ್ಲಿ ನಮ್ಮ ಹೊನ್ನಾವರದಲ್ಲಿ ಉಳಿದು, ಅಲ್ಲಿನ ಸುಲ್ತಾನನ ಆತಿಥ್ಯವನ್ನು ಬಾಯ್ತುಂಬ ಹೊಗಳಿದ ಆ ಮೊರೊಕ್ಕೊದ ಯಾತ್ರಿಕ, 1344ರಲ್ಲಿ ಈ ದ್ವೀಪಕ್ಕೆ ಬಂದು ದೀನವರ್ ಎಂಬ ಕಡಲದಡದ ದೊಡ್ಡ ಪಟ್ಟಣವನ್ನು ವರ್ಣಿಸಿದ್ದಾನೆ. ಅಲ್ಲಿನ ದೇಗುಲದಲ್ಲಿ ಆಳೆತ್ತರದ ಬಂಗಾರದ ಮೂರ್ತಿ, ಅದಕ್ಕೆ ಕೆಂಪು ಮಾಣಿಕ್ಯದ ಕಣ್ಣುಗಳು, ರಾತ್ರಿ ದೀಪದಂತೆ ಹೊಳೆಯುತ್ತವೆ ಎಂದು ಜನ ಹೇಳುತ್ತಾರೆ ಎಂದು ಬರೆದ. ಅಲ್ಲಿಂದ ಅವನು ಗಾಲೆಗೆ, ಆಮೇಲೆ ಕೊಲಂಬೊಗೆ ಹೋದ. ನಾವು ಬಂದ ದಾರಿಯನ್ನೇ ತಿರುಗುಮುರುಗಾಗಿ. ಆ ದೇಗುಲವನ್ನು 1588ರಲ್ಲಿ ಪೋರ್ಚುಗೀಸರು ಕೆಡವಿದರು. ಈಗ ಇರುವ ವಿಷ್ಣುವಿನ ಗುಡಿ ನಂತರದ್ದು, ಬೌದ್ಧರೇ ಪೂಜಿಸುವಂಥದ್ದು. ಅಮ್ಮ ಅಲ್ಲಿ ಹಣ್ಣಿನ ತಟ್ಟೆ ಕೊಟ್ಟು, ಮನೆಯವರೆಲ್ಲರ ಹೆಸರು ಹೇಳಿದಳು. ಹೇಳಿ ಮುಗಿದ ಮೇಲೆ ಸ್ವಲ್ಪ ತಡೆದು ‘ಅಕ್ಕ’ ಎಂದೂ ಸೇರಿಸಿದಳು.

ಮರಳುವಾಗ ಕತ್ತಲಾಗಿತ್ತು. ಮಾತರದಿಂದ ಎಕ್ಸ್‌ಪ್ರೆಸ್‌ವೇ ಹಿಡಿದೆವು. ಈಗ ಕಡಲು ಎಡಕ್ಕೆ, ನನ್ನ ಕಡೆಯ ಕಿಟಕಿಗೆ ಬರಬೇಕಾಗಿತ್ತು, ಆದರೆ ಆ ರಸ್ತೆಯಿಂದ ಅದು ಕಾಣುವುದಿಲ್ಲ. ಕಪ್ಪು ಗುಡ್ಡಗಳು, ಗದ್ದೆಗಳಾಚೆ ಒಂದೊಂದು ದೀಪ. ಅಯ್ಯಾ ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಭುಜ ಸಡಿಲಿಸಿ ಕೂತರು. ಬೆಳಗಿನಿಂದ ನಾವು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ದರೇ ಹೊರತು ನಮ್ಮನ್ನು ಏನೂ ಕೇಳಿರಲಿಲ್ಲ. ಗಾಲೆ ದಾಟಿ ಎಷ್ಟೋ ಹೊತ್ತಾದ ಮೇಲೆ, ಕನ್ನಡಿಯಲ್ಲಿ ಅಮ್ಮನನ್ನು ನೋಡುತ್ತ, ನಿಮ್ಮ ಮನೆಯೂ ಕಡಲಿನ ಹತ್ತಿರವೇ ಎಂದು ಕೇಳಿದರು. ನಾನು ಅನುವಾದಿಸುವ ಮೊದಲೇ ಅಮ್ಮನಿಗೆ ತಿಳಿಯಿತು. ಹತ್ತಿರವೇ, ಹೆದ್ದಾರಿ ದಾಟಿದರೆ ಕಡಲು ಎಂದಳು. ಎಷ್ಟು ಮೀಟರ್ ಎಂದು ಕೇಳಿದರು. ನಾವು ಯಾರೂ ಅದನ್ನು ಅಳೆದಿರಲಿಲ್ಲ. ಅಮ್ಮ ಮನಸ್ಸಿನಲ್ಲೇ ಅಂಗಳ, ಬೇಲಿ, ರಸ್ತೆ, ಬಂಡೆಯ ಸಾಲು ಎಂದು ಲೆಕ್ಕ ಹಾಕಿ, ಎಂಬತ್ತಿರಬಹುದು ಎಂದಳು.

ಅವರು ಸ್ವಲ್ಪ ಹೊತ್ತು ಸುಮ್ಮನೆ ಕಾರು ಓಡಿಸಿದರು. ಆಮೇಲೆ, ಮನೆಯ ಹಿಂದೆ ಗುಡ್ಡ ಇದೆಯೇ ಎಂದರು.

‘ಇಲ್ಲೆ ತಮ್ಮಾ, ಹಿಂದ್ ಹೊಳಿ’ ಎಂದಳು ಅಮ್ಮ.

ಆ ಮಾತನ್ನು ನಾನು ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಯಿತು.